ಕೊಂಡ ಮಕ್ಕಳು, ತಬ್ಬಲಿ ಮಕ್ಕಳು: ಠಾಣೆ ಸಾಷ್ಟಿಯ ಮೊದಲ ಅನಾಥಾಲಯಗಳು

ಠಾಣೆ ಸೀಮೆಯ ಚರ್ಚ್ ಅನಾಥಾಲಯಗಳ ಮೂಲವನ್ನು 1559ರ ಮಾರ್ಚ್‌ನ ಪೋರ್ಚುಗೀಸ್ ರಾಜಾಜ್ಞೆಯಲ್ಲಿ ಹುಡುಕುವವರಿದ್ದಾರೆ. ತಂದೆತಾಯಿ, ಅಜ್ಜ ಅಜ್ಜಿ ಯಾರೂ ಉಳಿಯದ ಹಿಂದೂ ಮಕ್ಕಳನ್ನು ಗೋವೆಯ ಸಂತ ಪಾವ್ಲರ ಕಾಲೇಜಿಗೆ ಒಪ್ಪಿಸಿ ದೀಕ್ಷಾಸ್ನಾನ ಕೊಡಿಸಬೇಕು ಎಂಬ ಆಜ್ಞೆ ಅದು. ಎ. ಕೆ. ಪ್ರಿಯೋಳ್ಕರರು ಗೋವೆಯ ಇನ್‌ಕ್ವಿಸಿಷನ್ ಕುರಿತ ತಮ್ಮ 1961ರ ಗ್ರಂಥದಲ್ಲಿ ಅದನ್ನು ಚರ್ಚಿಸಿದ್ದಾರೆ. ಅವರ ದುಡಿಮೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅವರು ಬರೆದದ್ದು ಗೋವೆಯನ್ನು ಕುರಿತು. ಅದನ್ನು ಎತ್ತಿ ವಸಯಿ, ಠಾಣೆಗಳಿಗೆ ಅಂಟಿಸುವವರು ಇಸವಿಗಳನ್ನಾದರೂ ನೋಡಬೇಕಿತ್ತು. (ಗೋವೆಯಲ್ಲೂ ಒಂದು ಸಾಷ್ಟಿ, ಠಾಣೆಯಲ್ಲೂ ಒಂದು ಸಾಷ್ಟಿ ಇರುವುದು ಈ ಗೊಂದಲವನ್ನು ಹೆಚ್ಚಿಸಿರಬೇಕು.)

ವಸಯಿ ಪೋರ್ಚುಗೀಸರ ಕೈಸೇರಿದ್ದು 1534ರಲ್ಲಿ. ಫ್ರಾನ್ಸಿಸ್ಕನ್ ಪಾದ್ರಿ ಆಂತೋನಿಯೊ ದೊ ಪೋರ್ತೊ ಈ ಭಾಗದಲ್ಲಿ ಚರ್ಚುಗಳ ಜೊತೆಗೆ ಅನಾಥಾಲಯಗಳನ್ನೂ ತೆರೆದದ್ದು 1534ರಿಂದ 1552ರ ನಡುವೆ. ಅಂದರೆ ರಾಜಾಜ್ಞೆ ಹೊರಡುವುದಕ್ಕೆ ಏಳು ವರ್ಷ ಮೊದಲೇ ಆ ಕೆಲಸ ನಡೆದುಹೋಗಿತ್ತು. ಬೋರಿವಲಿ ಬಳಿಯ ಮಂಡಪೇಶ್ವರಕ್ಕೆ ಹೋದವರಿಗೆ ಆ ಕಾಲದ ಉತ್ಸಾಹವೂ ಒರಟುತನವೂ ಒಟ್ಟಿಗೇ ಕಾಣುತ್ತವೆ: ಶೈವ ಗುಹೆಯ ಶಿಲ್ಪಫಲಕವೊಂದರ ಮೇಲೆ ಕೊರೆದ ಶಿಲುಬೆ, ಅದರ ನೆತ್ತಿಯ ಮೇಲೆ ಫ್ರಾನ್ಸಿಸ್ಕನ್ನರ ಕಟ್ಟಡದ ಪಾಳು ಗೋಡೆಗಳು.

ನಿಜವಾದ ಜಗಳ ಇರುವುದು ಜೆಸ್ವಿತ್ ಪಾದ್ರಿ ಗೊನ್ಸಾಲೊ ರೊಡ್ರಿಗಸ್ ಅವರ ವಿಷಯದಲ್ಲಿ. ಠಾಣೆಯಲ್ಲಿ ಅವರು ಐದಾರು ಸಾವಿರ ಮಂದಿಗೆ ದೀಕ್ಷಾಸ್ನಾನ ಕೊಟ್ಟರು, ಅವರಲ್ಲಿ ಅನೇಕರು ತಬ್ಬಲಿಗಳು ಅಥವಾ ಹಣ ಕೊಟ್ಟು ಕೊಂಡ ಎಳೆಯ ಮಕ್ಕಳು ಎಂಬುದು ಪರಂಪರೆಯಿಂದ ಬಂದ ಹೇಳಿಕೆ. ಇದನ್ನೇ ಓದಿ ‘ಐದು ಸಾವಿರ ಮಕ್ಕಳ ಅನಾಥಾಲಯ’ ಎಂದು ಬರೆದುಬಿಟ್ಟರೆ ಹೇಗೆ? ಇದು ದೀಕ್ಷೆ ಪಡೆದವರ ಲೆಕ್ಕ, ಒಂದೇ ಸೂರಿನಡಿ ಉಂಡು ಮಲಗಿದವರ ಲೆಕ್ಕವಲ್ಲ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ವಾರ್ಷಿಕ ವರದಿಗಳನ್ನು ಅಚ್ಚು ಹಾಕಿಸಿತು. ಹದಿನಾರನೆಯ ಶತಮಾನದ ಠಾಣೆಯಿಂದ ಅಂಥ ಕೋಷ್ಟಕಗಳನ್ನು ಬಯಸಲಾಗದು. ಆ ಪಾದ್ರಿಗಳ ಪತ್ರಗಳು ಯೂರೋಪಿನ ಹಿರಿಯರನ್ನೂ ದಾನಿಗಳನ್ನೂ ಹುರಿದುಂಬಿಸಲು ಬರೆದವು ಎಂಬುದನ್ನೂ ಮರೆಯಬಾರದು.

ಇನ್ನು ‘ಕೊಂಡ’ ಎಂಬ ಮಾತು. ರಾಜಾಜ್ಞೆಯ ಬಲದಿಂದಲೇ ಮಕ್ಕಳು ಸಿಗುವಂತಿದ್ದರೆ ಪಾದ್ರಿ ಹಣ ತೆರುವ ಅಗತ್ಯವೇನಿತ್ತು? ಹಣ ತೆತ್ತರೆಂದರೆ ಮಾರುವವರು ಇದ್ದರು. ಅವರು ಹಸಿವಿಗೆ ಸೋತ ಹೆತ್ತವರೋ, ಗುಲಾಮರ ವ್ಯಾಪಾರಿಗಳೋ, ಯಾರೇ ಆಗಲಿ, ಆ ಮಕ್ಕಳು 1559ರ ಆಜ್ಞೆ ಹೇಳುವ ಅರ್ಥದಲ್ಲಿ ಅನಾಥರೆಂದು ಸಾಧಿಸಲು ಆಧಾರವಿಲ್ಲ. ತಬ್ಬಲಿಗಳಿಗೆ ಆಜ್ಞೆ ಅನ್ವಯವಾಗಿರಬಹುದು ಎಂದು ಒಪ್ಪಿದರೂ ಕೊಂಡ ಮಕ್ಕಳು ಬೇರೆಯೇ ಗುಂಪಾಗಿ ಉಳಿಯುತ್ತಾರೆ. ಚರ್ಚಿನ ಕರುಣೆಯನ್ನು ಕೊಂಡಾಡುವವರೂ ಬಲಾತ್ಕಾರವನ್ನು ಖಂಡಿಸುವವರೂ ಈ ಎರಡು ಗುಂಪುಗಳನ್ನು ಕಲಸಿಬಿಟ್ಟಿದ್ದಾರೆ. ಮಾರಾಟವಾದ ಮಗುವಿಗೆ ಇಬ್ಬರಿಂದಲೂ ನ್ಯಾಯ ಸಿಕ್ಕಿಲ್ಲ.

ಠಾಣೆಯ ಅನಾಥಾಲಯಗಳ ಚರಿತ್ರೆ ಬರೆಯುವವರು ಇನ್ನಾದರೂ ದೊ ಪೋರ್ತೊ ಅವರಿಂದ ಆರಂಭಿಸಲಿ, ಕೊಂಡ ಮಕ್ಕಳನ್ನು ತಬ್ಬಲಿಗಳ ಲೆಕ್ಕಕ್ಕೆ ಸೇರಿಸದಿರಲಿ.