ನಮ್ಮ ನಾಲೆಗೆ ಹೆಸರು ಕೊಟ್ಟ ಮಹಾರಾಣಿ



ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಏನಾದ್ರೂ ಬರೆದುಕೊಡಿ ಅಂತ ಅಧ್ಯಕ್ಷರು ಹೇಳಿದಾಗ ನಾವು ನಾಲೆ ಏರಿ ಮೇಲೆ ನಿಂತಿದ್ದೆವು. ಈ ನೀರಿನ ಹೆಸರಿನ ಚರಿತ್ರೆಯನ್ನೇ ಬರೆಯೋಣ ಅನ್ನಿಸಿತು. ನಾವು ಓದಿದ್ದು ಎಸ್.ಎಸ್.ಎಲ್.ಸಿ., ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಹಿರಿಯೂರು ಸೀಮೆಯವರು ಅಣೆಕಟ್ಟೆಗೆ ಮಾರಿಕಣಿವೆ ಅಂತೀವಿ. ಕಾಗದದಲ್ಲಿ ಅದು ವಾಣಿವಿಲಾಸ ಸಾಗರ. ಈ ವಾಣಿವಿಲಾಸ ಯಾರು ಅಂದ್ರೆ ನಮ್ಮ ಹುಡುಗರು "ಯಾವುದೋ ದೇವತೆ" ಅಂತಾರೆ. ಅವರು ಮೈಸೂರಿನ ಮಹಾರಾಜ ಹತ್ತನೇ ಚಾಮರಾಜ ಒಡೆಯರ ಧರ್ಮಪತ್ನಿ ಕೆಂಪನಂಜಮ್ಮಣ್ಣಿಯವರು. ಹುಟ್ಟಿದ್ದು 1866ರಲ್ಲಿ, ಮದುವೆ ಆದದ್ದು 1878ರಲ್ಲಿ.

ಅರಮನೆಯಲ್ಲಿ ರಾಜನ ಹೆಂಡತಿಯನ್ನು ಹೆಸರು ಹಿಡಿದು ಕರೆಯೋ ಪದ್ಧತಿ ಇರಲಿಲ್ಲ. ವಾಣಿವಿಲಾಸ, ಲಕ್ಷ್ಮೀವಿಲಾಸ ಅಂತ ಒಂದು ಬಿರುದು ಕೊಟ್ಟು, ಮುಂದೆ "ಸನ್ನಿಧಾನ" ಅಂತ ಸೇರಿಸುತ್ತಿದ್ದರು. ಮೈಸೂರಿಗೆ ಹೋದವರು ರಾಮವಿಲಾಸ ರಸ್ತೆ, ಸೀತಾವಿಲಾಸ ರಸ್ತೆ ನೋಡಿರಬಹುದು, ಅವೂ ಇದೇ ಬಗೆಯ ಹೆಸರುಗಳು.

ಬಿರುದು ಎಷ್ಟು ದೊಡ್ಡದಿದ್ದರೂ ಅಧಿಕಾರ ಮಾತ್ರ ಬೇರೆ. ಮಹಾರಾಣಿ ಅನ್ನೋದು ಮದುವೆಯಿಂದ ಬಂದ ಸ್ಥಾನ. ಸಿಂಹಾಸನ ಗಂಡುಮಕ್ಕಳದ್ದು. ಗಂಡು ಸಂತಾನ ಇಲ್ಲದಿದ್ದರೆ ದತ್ತು ತಗೋತಿದ್ದರೇ ಹೊರತು ರಾಣಿಯನ್ನು ಕೂರಿಸುತ್ತಿರಲಿಲ್ಲ. ಆದರೂ ಕಷ್ಟ ಬಂದಾಗ ಮನೆ ಹಿಡಿದು ನಿಲ್ಲಿಸಿದವರು ರಾಣಿಯರೇ. 1766ರಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡ ಮೇಲೆ ಅವರ ರಾಣಿ ಲಕ್ಷ್ಮಮ್ಮಣ್ಣಿಯವರು, ಹೈದರ್ ಮತ್ತು ಟಿಪ್ಪುವಿನ ಕಾಲವೆಲ್ಲ ಕಳೆಯೋ ತನಕ, ಒಡೆಯರ ಮನೆತನಕ್ಕೆ ರಾಜ್ಯ ಮರಳಲಿ ಅಂತ ಪಟ್ಟು ಬಿಡಲಿಲ್ಲ. 1799ರಲ್ಲಿ ಐದು ವರ್ಷದ ಮುಮ್ಮಡಿಯವರಿಗೆ ಪಟ್ಟವಾಗೋದನ್ನು ಕಣ್ಣಾರೆ ಕಂಡು, 1810ರಲ್ಲಿ ಕಾಲವಾದರು.

ಕೆಂಪನಂಜಮ್ಮಣ್ಣಿಯವರಿಗೂ ಅಂಥದೇ ದಿನ ಬಂತು. 1894ರ ಡಿಸೆಂಬರ್ 28ರಂದು ಮಹಾರಾಜರು ಕಲ್ಕತ್ತೆಯಲ್ಲಿ ಗಂಟಲುಮಾರಿ ಕಾಯಿಲೆಯಿಂದ ತೀರಿಕೊಂಡರು. ವಯಸ್ಸು ಇನ್ನೂ 31. ಹಿರಿಯ ಮಗ ನಾಲ್ವಡಿಯವರಿಗೆ ಹತ್ತು ವರ್ಷ. ಆಗ ಈ ತಾಯಿ ರೀಜೆಂಟರಾಗಿ, ಅಂದ್ರೆ ಮಗನ ಪರವಾಗಿ ರಾಜ್ಯ ನೋಡಿಕೊಳ್ಳುವವರಾಗಿ ನಿಂತರು. ದಿವಾನ್ ಶೇಷಾದ್ರಿ ಅಯ್ಯರ್ ಅವರೂ ಆಡಳಿತ ಮಂಡಳಿಯೂ ಜೊತೆಗಿದ್ದರು.

ಸುಖದ ಕಾಲವೇನಲ್ಲ ಅದು. 1897ರಲ್ಲಿ ಮಗಳ ಮದುವೆಯ ಹೊತ್ತಿಗೇ ಹಳೇ ಅರಮನೆ ಸುಟ್ಟುಹೋಯಿತು. 1898ರಲ್ಲಿ ಪ್ಲೇಗು ಬಂತು. ಆದರೂ ಕೆಲಸ ನಿಲ್ಲಲಿಲ್ಲ. ಇಂದು ನಾವು ನೋಡುವ ಅರಮನೆ ಅವರು ಶುರು ಮಾಡಿಸಿದ್ದು, 1912ಕ್ಕೆ ಮುಗಿಯಿತು. ಶಿವನಸಮುದ್ರದಲ್ಲಿ ವಿದ್ಯುತ್ ತಯಾರಾಗಿ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ವೇದಾವತಿಗೆ ಅಡ್ಡಲಾಗಿ ನಮ್ಮ ಕಟ್ಟೆ ಕೆಲಸ ಶುರುವಾಗಿದ್ದೂ 1897ರಲ್ಲೇ, ಮುಗಿದದ್ದು 1907ರಲ್ಲಿ. ಅಷ್ಟರಲ್ಲಿ, 1902ರ ಆಗಸ್ಟ್ 8ರಂದು, ಮಗನಿಗೆ ಅಧಿಕಾರ ಒಪ್ಪಿಸಿ ಅವರು ಹಿಂದೆ ಸರಿದಿದ್ದರು. ಏಳು ವರ್ಷ ನಡೆಸಿದ ಅಧಿಕಾರವನ್ನು ಹಾಗೆ ಬಿಟ್ಟುಕೊಡೋದು ಸಣ್ಣ ಮಾತಲ್ಲ. 1934ರಲ್ಲಿ ಕಾಲವಾದರು.

ಕಟ್ಟೆ 1933ರಲ್ಲಿ ತುಂಬಿ ಕೋಡಿ ಬಿದ್ದಿತ್ತು. ಆಮೇಲೆ ಕೋಡಿ ಬಿದ್ದದ್ದು 2022ರಲ್ಲಿ, ಮತ್ತೆ 2025ರ ಜನವರಿಯಲ್ಲಿ. ಆ ನೀರು ನೋಡೋಕೆ ನಾವೆಲ್ಲ ಬುತ್ತಿ ಕಟ್ಕೊಂಡು ಹೋಗಿದ್ದು ನೆನಪಿದೆಯಲ್ಲ!

ಈಗ ನಮ್ಮ ಮನೆಯ ಮಾತು. ಕೆಲವು ವರ್ಷದ ಹಿಂದೆ ಸದಸ್ಯರೊಬ್ಬರು ತೀರಿಕೊಂಡಾಗ ಅವರ ಮನೆಯಾಕೆ ಸಾಲದ ಕಾಗದ ಹಿಡಿದು ಸಂಘಕ್ಕೆ ಬಂದರು. ನಾವು "ಮನೇಲಿ ಗಂಡಸರು ಯಾರಾದ್ರೂ ಇದ್ರೆ ಕಳಿಸಮ್ಮ" ಅಂದುಬಿಟ್ಟೆವು. ಆಕೆ, "ಕಳೆ ಕೀಳೋಕೆ, ಕಂತು ಕಟ್ಟೋಕೆ ನಾನು ಸಾಕು. ರುಜು ಹಾಕೋಕೆ ಮಾತ್ರ ಗಂಡಸು ಬೇಕೇನಣ್ಣಾ?" ಅಂದರು. ನಮ್ಮ ಬಾಯಿ ಕಟ್ಟಿತು. ಷೇರು ವರ್ಗಾವಣೆಗೆ ಆಕೆ ನಾಲ್ಕು ಸಲ ಅಲೆದರು. ತಪ್ಪು ನಮ್ಮದೇ. ನಾಮಿನಿ ಅಂಕಣ ಖಾಲಿ ಇದ್ದದ್ದನ್ನು ನಾವ್ಯಾರೂ ನೋಡಿರಲಿಲ್ಲ.

ಒಬ್ಬ ತಾಯಿಯ ಹೆಸರಿನ ನೀರಲ್ಲಿ ತೆಂಗು, ಅಡಿಕೆ ಬೆಳೆಯೋ ನಾವು, ಮನೆಯ ತಾಯಿಯ ಹೆಸರನ್ನು ಪುಸ್ತಕದಲ್ಲಿ ಬರೆಯದಿದ್ದರೆ ಹೇಗೆ? ರಾಜರ ಬಿರುದು, ಮಾನ್ಯತೆಗಳೆಲ್ಲ 1971ರಲ್ಲೇ ಕಾನೂನಿನಲ್ಲಿ ಹೋದವು. ಆ ತಾಯಿ ಮಾಡಿಸಿದ ಕೆಲಸ ಮಾತ್ರ ಉಳಿದಿದೆ.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ಈ ಹಬ್ಬದ ವರ್ಷದಲ್ಲೇ ಸಂಘಕ್ಕೆ ಬಂದು ನಾಮಿನಿ ಹೆಸರು ಬರೆಸಿ. ಆಗುವುದಾದರೆ ಮನೆಯಾಕೆಯ ಹೆಸರಲ್ಲೂ ಒಂದು ಷೇರು ಮಾಡಿಸಿ. ಕಾಗದ ನಾವೇ ಬರೆದುಕೊಡುತ್ತೇವೆ, ಯಾರನ್ನೂ ಅಲೆಸುವುದಿಲ್ಲ.

ಸಂಘ ಬೆಳೆಯಲಿ, ಕಟ್ಟೆ ತುಂಬಲಿ.