ಕ್ಯಾಸೆಟ್ಟಿನೊಳಗಿನ ಮಯಾಮಿ



ರಾಜರು, ಯುದ್ಧಗಳು, ಶಾಸನಗಳು ಇವಿಷ್ಟೇ ಚರಿತ್ರೆಯೆಂದು ಭಾವಿಸುವ ರೂಢಿ ನಮ್ಮಲ್ಲುಂಟು. ಹುಡುಗರ ಆಟಕ್ಕೂ ಚರಿತ್ರೆಯಿದೆಯೆಂದರೆ ನಗುವವರೇ ಹೆಚ್ಚು. ಆದರೂ ರೇಡಿಯೋ ಕೇಳುವ ತಮಗೆ ಈ ವಿಷಯ ರುಚಿಸೀತೆಂದು ನಂಬಿದ್ದೇನೆ. ಏಕೆಂದರೆ ಇದು ಕಣ್ಣಿನಷ್ಟೇ ಕಿವಿಗೂ ಸೇರಿದ ಆಟ.

1984ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎನ್.ಬಿ.ಸಿ. ಸಂಸ್ಥೆಯವರು 'ಮಯಾಮಿ ವೈಸ್' ಎಂಬ ಧಾರಾವಾಹಿಯನ್ನು ಪ್ರಸಾರಮಾಡತೊಡಗಿದರು. ಕ್ರಾಕೆಟ್, ಟಬ್ಸ್ ಎಂಬ ಇಬ್ಬರು ಪತ್ತೇದಾರರು ಮಾರುವೇಷದಲ್ಲಿ ಕಳ್ಳಸಾಗಣೆಗಾರರ ಬೆನ್ನುಹತ್ತುವುದೇ ಕಥೆ. ಕಥೆಗಿಂತ ಹೆಚ್ಚಾಗಿ ಅದರ ಬಣ್ಣ, ಉಡುಪು, ಸಂಗೀತಗಳೇ ಜನರ ಮನಸ್ಸನ್ನು ಸೆಳೆದುವು. ಪ್ರಾಗ್ ನಗರದಲ್ಲಿ ಹುಟ್ಟಿದ ಯಾನ್ ಹ್ಯಾಮರ್ ರಚಿಸಿದ ಅದರ ಆರಂಭಗೀತ, ಮಾತಿಲ್ಲದ ಬರಿಯ ವಾದ್ಯರಚನೆ, 1985ರ ನವೆಂಬರಿನಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು.

ಮರುವರ್ಷ, 1986ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಓಷನ್ ಕಂಪೆನಿಯವರು ಇದನ್ನೇ ಮನೆಯ ಗಣಕಯಂತ್ರಗಳಿಗೆ ಆಟವನ್ನಾಗಿ ಮಾಡಿ ಮಾರಿದರು. ಆಗಿನ ಯಂತ್ರಗಳ ಬಡತನವನ್ನು ತಾವು ಊಹಿಸಿಕೊಳ್ಳಬೇಕು. 1982ರಲ್ಲಿ 175 ಪೌಂಡಿಗೆ ಮಾರಾಟಕ್ಕೆ ಬಂದ ಸ್ಪೆಕ್ಟ್ರಮ್ ಯಂತ್ರದ ನೆನಪಿನ ಅಳತೆ 49,152 ಬೈಟ್; ಎಂದರೆ ಇಂಗ್ಲಿಷಿನ ಒಂದು ತೆಳು ಕೈಹೊತ್ತಗೆಯ ಅಕ್ಷರಗಳಷ್ಟು. ಅದರಲ್ಲಿ 6,912 ಬೈಟ್ ಪರದೆಯ ಚಿತ್ರಕ್ಕೇ ಮೀಸಲು. ಉಳಿದುದರಲ್ಲಿ ನಗರ, ಕಾರು, ಕಳ್ಳರು ಎಲ್ಲವೂ ಅಡಗಬೇಕು! ಆನೆಯನ್ನು ಕನ್ನಡಿಯಲ್ಲಿ ತೋರಿಸುವ ಕೆಲಸವಿದು. ಹೀಗಾಗಿ ಮಯಾಮಿಯ ವೈಭವವೆಲ್ಲ ಹೋಗಿ, ಮೇಲಿನಿಂದ ನೋಡಿದಂತೆ ಬರೆದ ಬೀದಿಗಳು, ಅವುಗಳಲ್ಲಿ ಓಡುವ ಒಂದು ಪುಟ್ಟ ಕಾರು, ಇಷ್ಟೇ ಮುಖ್ಯವಾಗಿ ಉಳಿದುವು. ಹೆಸರನ್ನು ನಂಬಿ ಹಣ ಕೊಟ್ಟ ಬಾಲಕನಿಗೆ ಇದು ನ್ಯಾಯವೇ ಎಂದು ಕೇಳಿದರೆ, ಪೂರ್ಣ ನ್ಯಾಯವೆಂದು ನಾನು ಹೇಳಲಾರೆ.

ಸಂಗೀತದ ಮಾತು ಬೇರೆ. ಕಮೊಡೋರ್ 64 ಎಂಬ ಯಂತ್ರದಲ್ಲಿ ಏಕಕಾಲಕ್ಕೆ ಮೂರು ಸ್ವರಗಳನ್ನು ನುಡಿಸಬಲ್ಲ ಧ್ವನಿಚಿಪ್ಪು ಇತ್ತು. ಅದಕ್ಕೆ ಸಂಗೀತವನ್ನು ಅಳವಡಿಸಿದವನು ಮಾರ್ಟಿನ್ ಗಾಲ್ವೇ, ಆಗ ಇಪ್ಪತ್ತರ ಆಸುಪಾಸಿನ ತರುಣ. ಪ್ರಖ್ಯಾತ ಕೊಳಲುವಾದಕ ಜೇಮ್ಸ್ ಗಾಲ್ವೇ ಇವನ ಚಿಕ್ಕಪ್ಪನೋ ದೊಡ್ಡಪ್ಪನೋ ಆಗಬೇಕು. ಇಂಗ್ಲಿಷರಿಗೆ ಎರಡಕ್ಕೂ ಒಂದೇ ಪದ! ಆಟವನ್ನು ಮರೆತವರು ಕೂಡ ಇವನ ರಚನೆಗಳನ್ನು ಇಂದಿಗೂ ಕೇಳುತ್ತಾರೆ.

ಇನ್ನೊಂದು ಸಂಗತಿ. ಈ ಆಟಗಳು ದೊರೆಯುತ್ತಿದ್ದುದು ಹಾಡಿನ ಕ್ಯಾಸೆಟ್ಟುಗಳಲ್ಲಿಯೇ. ಟೇಪಿನಲ್ಲಿ ಆಟವೆಂಬುದು ಬರಿಯ ಕರ್ಕಶ ಧ್ವನಿ. ಯಂತ್ರವು ನಾಲ್ಕೈದು ನಿಮಿಷ ಅದನ್ನು ಕೇಳಿ ಅರ್ಥಮಾಡಿಕೊಳ್ಳುತ್ತಿತ್ತು. ಧ್ವನಿಯಾದ ಮೇಲೆ ಆಕಾಶಮಾರ್ಗದಲ್ಲಿ ಏಕೆ ಕಳುಹಬಾರದು? 1980ರ ದಶಕದಲ್ಲಿ ಬೆಲ್‌ಗ್ರೇಡ್ ರೇಡಿಯೋ ಮತ್ತು ಹಾಲೆಂಡಿನ ರೇಡಿಯೋ ಗಣಕಯಂತ್ರಗಳ ಕಾರ್ಯಕ್ರಮಗಳನ್ನು ಹೀಗೆಯೇ ಪ್ರಸಾರಮಾಡಿದುವು. ಶ್ರೋತೃಗಳು ಅವನ್ನು ಟೇಪಿನಲ್ಲಿ ಹಿಡಿದು ತಮ್ಮ ಯಂತ್ರಗಳಿಗೆ ಕೇಳಿಸಿದರು.

ಓಷನ್ ಕಂಪೆನಿ 1996ರಲ್ಲಿ ಫ್ರಾನ್ಸಿನ ಇನ್ಫೋಗ್ರಾಮ್ಸ್ ಸಂಸ್ಥೆಯ ಪಾಲಾಯಿತು. ಕೆಲವೇ ವರ್ಷಗಳಲ್ಲಿ ಹೆಸರೂ ಅಳಿಯಿತು. ಟೇಪುಗಳ ಕಾಂತಶಕ್ತಿಯೂ ವರ್ಷದಿಂದ ವರ್ಷಕ್ಕೆ ಕುಂದುತ್ತಿದೆ. ನಮ್ಮ ಪಂಡಿತರು ಹುಳು ತಿಂದ ಓಲೆಗರಿಗಳನ್ನು ಪ್ರತಿಮಾಡಿಕೊಂಡಂತೆ, ಅಭಿಮಾನಿಗಳು ಆ ಕರ್ಕಶ ಧ್ವನಿಯನ್ನೇ ಅಕ್ಷರಶಃ ಪ್ರತಿಮಾಡಿ ಉಳಿಸುತ್ತಿದ್ದಾರೆ.