ಸೀಲಂಟ್ ಹಾಕಿಸಿದರೆ ಮಕ್ಕಳ ಹಲ್ಲಿನ ಕಂದು ಕಲೆ ಹೋಗುತ್ತದೆಯೇ?

ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಊರುಗಳಲ್ಲಿ ಮಕ್ಕಳ ಮುಂದಿನ ಹಲ್ಲುಗಳ ಮೇಲೆ ಕಂದು ಕಲೆ ಕಾಣುತ್ತದೆ. ಕೆಲವರು ಇದನ್ನು ಹುಳುಕು ಅಂದುಕೊಳ್ಳುತ್ತಾರೆ. ಕೆಲವರು ಸರಿಯಾಗಿ ಹಲ್ಲುಜ್ಜುವುದಿಲ್ಲ ಎಂದು ಮಗುವನ್ನೇ ಬೈಯುತ್ತಾರೆ. ಸೀಲಂಟ್ ಹಾಕಿಸಿದರೆ ಕಲೆ ಹೋಗುತ್ತದೆ ಎಂದು ನಂಬಿದವರೂ ಇದ್ದಾರೆ. ಮೂರೂ ತಪ್ಪು.

ಆ ಕಲೆಗೆ ಸಾಮಾನ್ಯವಾಗಿ ಕಾರಣ ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡ್. ನೆಲದಡಿಯ ಬಂಡೆಗಳಿಂದ ಅದು ನೀರಿಗೆ ಸೇರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರು ಸಿಗದಿದ್ದರೆ 1.5ರವರೆಗೆ ಒಪ್ಪಬಹುದು. ಸುಮಾರು 8 ವರ್ಷದೊಳಗೆ, ಅಂದರೆ ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುವಾಗಲೇ ಹೆಚ್ಚು ಫ್ಲೋರೈಡ್ ದೇಹ ಸೇರಿದರೆ ಹಲ್ಲಿನ ಎನಾಮಲ್ ಕೆಡುತ್ತದೆ. ಎಷ್ಟು ಉಜ್ಜಿದರೂ ಕಲೆ ಹೋಗದು. ಅಂದಹಾಗೆ, ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟು ಅದರ ಸಾಂದ್ರತೆ ಹೆಚ್ಚುತ್ತದೆ. ಶುದ್ಧ ನೀರಿನ ಘಟಕದ ಆರ್‌ಒ ಯಂತ್ರ ಅದನ್ನು ಬಹುಪಾಲು ತೆಗೆಯುತ್ತದೆ.

ಹುಳುಕಿನ ಕಥೆ ಬೇರೆ. ಅಲ್ಲಿ ಹುಳವೇನೂ ಇರುವುದಿಲ್ಲ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆಯನ್ನು ಆಮ್ಲವಾಗಿಸಿ ಹಲ್ಲನ್ನು ಕರಗಿಸುತ್ತವೆ. ದವಡೆ ಹಲ್ಲಿನ ಮೇಲ್ಭಾಗದ ಸೀಳುಗಳು ಬ್ರಷ್ಷಿನ ಎಳೆಗಿಂತಲೂ ಕಿರಿದು. ಹುಳುಕು ಮೊದಲು ಶುರುವಾಗುವುದು ಹೆಚ್ಚಾಗಿ ಅಲ್ಲೇ. ‘ನಮ್ಮ ನೀರಲ್ಲಿ ಫ್ಲೋರೈಡ್ ಇದೆ, ಹುಳುಕು ಬರಲ್ಲ’ ಎನ್ನುವುದೂ ಪೂರ್ತಿ ನಿಜವಲ್ಲ. ಫ್ಲೋರೈಡ್ ನುಣುಪಾದ ಬದಿಗಳನ್ನು ಕಾಯುವಷ್ಟು ಈ ಸೀಳುಗಳನ್ನು ಕಾಯದು. ತುಂಗಭದ್ರಾ ಕಾಲುವೆಯ ಗಂಗಾವತಿಯ ಬಿಳಿ ಹಲ್ಲಿಗೂ ಕುಷ್ಟಗಿಯ ಕಂದು ಹಲ್ಲಿಗೂ ಈ ಸೀಳು ಒಂದೇ.

ಸೀಲಂಟ್ ಮುಚ್ಚುವುದು ಈ ಸೀಳನ್ನು. ದಂತ ವೈದ್ಯರು ಹಲ್ಲನ್ನು ಶುಚಿ ಮಾಡಿ, ಅರ್ಧ ನಿಮಿಷದೊಳಗೆ ಸೌಮ್ಯ ಆಮ್ಲ ಹಚ್ಚಿ ತೊಳೆದು ಒಣಗಿಸುತ್ತಾರೆ. ನಂತರ ತೆಳು ರಾಳ ಬಳಿದು ನೀಲಿ ಬೆಳಕಿನಿಂದ ಗಟ್ಟಿ ಮಾಡುತ್ತಾರೆ. ಕೊರೆಯುವುದಿಲ್ಲ, ಸೂಜಿಯಿಲ್ಲ. ಫ್ಲೋರೈಡ್ ಕಲೆಯ ಹಲ್ಲಿಗೆ ಆಮ್ಲ ತುಸು ಹೆಚ್ಚು ಹೊತ್ತು ಬೇಕಾಗಬಹುದು, ಆದ್ದರಿಂದ ಮಗು ಯಾವ ನೀರು ಕುಡಿದು ಬೆಳೆದಿದೆ ಎಂದು ವೈದ್ಯರಿಗೆ ಹೇಳಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪ್ರಕಾರ ಸೀಲಂಟ್ 2 ವರ್ಷಗಳ ಕಾಲ ದವಡೆ ಹಲ್ಲಿನ ಹುಳುಕನ್ನು ಶೇ. 80ರಷ್ಟು ತಡೆಯುತ್ತದೆ. ‘ಪ್ಲಾಸ್ಟಿಕ್ ಹೊಟ್ಟೆಗೆ ಹೋಗುತ್ತದೆ’ ಎಂಬ ಹೆದರಿಕೆ ಬೇಡ. ಕೆಲವು ರಾಳಗಳಿಂದ ಬರುವ ಬಿಸ್ಫಿನಾಲ್-ಎ ಅತ್ಯಲ್ಪ, ಅದೂ ಹಾಕಿದ ಹೊತ್ತಿನಲ್ಲಿ.

ಯಾವಾಗ ಹಾಕಿಸಬೇಕು? ಇಲ್ಲೇ ಹೆಚ್ಚಿನ ಮನೆಗಳಲ್ಲಿ ಎಡವಟ್ಟಾಗುವುದು. ಸುಮಾರು 6ನೇ ವಯಸ್ಸಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಒಂದು ದವಡೆ ಹಲ್ಲು ಬರುತ್ತದೆ. ಯಾವುದೂ ಬೀಳದ್ದರಿಂದ ಅದೂ ಹಾಲುಹಲ್ಲೇ, ಹುಳುಕಾದರೂ ಬಿದ್ದು ಹೊಸದು ಬರುತ್ತದೆ ಎಂದುಕೊಳ್ಳುತ್ತಾರೆ. ಬರುವುದಿಲ್ಲ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ನಡುವಿನ ಮುಂದಿನ ಹಲ್ಲಿನಿಂದ ಹಿಂದಕ್ಕೆ ಎಣಿಸಿ, ಆರನೆಯದೇ ಅದು. ಅದು ಪೂರ್ತಿ ಹೊರಬಂದ ಕೂಡಲೇ, ಹುಳುಕು ಶುರುವಾಗುವ ಮುನ್ನ ಸೀಲಂಟ್ ಹಾಕಿಸುವುದು ಒಳ್ಳೆಯದು. 12ರ ಸುಮಾರಿಗೆ ಅದರ ಹಿಂದಿನ ಹಲ್ಲಿಗೂ ಅದೇ ಮಾತು.

ಹಲ್ಲೆಲ್ಲ ಹೋದವರಿಗೆ ಕಟ್ಟಿಸಿಕೊಡಲು ನಮ್ಮಲ್ಲಿ ದಂತ ಭಾಗ್ಯ ಯೋಜನೆ ಇದೆ. ಹೋಗದಂತೆ ತಡೆಯುವ ಈ ಸಣ್ಣ ಕೆಲಸದ ಸುದ್ದಿ ಮಾತ್ರ ಕಡಿಮೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಹಲ್ಲನ್ನೂ ನೋಡಬೇಕು. ಆಗ ಕೇಳಿ, ಇಲ್ಲವೇ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ದಂತ ವೈದ್ಯರ ಬಳಿ ವಿಚಾರಿಸಿ.

ಹಾಕಿಸಿದ ಮೇಲೂ ದಿನಕ್ಕೆರಡು ಸಲ ಹಲ್ಲುಜ್ಜಬೇಕು, ಏಕೆಂದರೆ ಹಲ್ಲು-ಹಲ್ಲಿನ ನಡುವಿನ ಹುಳುಕನ್ನು ಸೀಲಂಟ್ ತಡೆಯದು. ಆರು ತಿಂಗಳಿಗೊಮ್ಮೆ ತೋರಿಸಿ, ಕಿತ್ತುಹೋದರೆ ಮತ್ತೆ ಹಾಕುತ್ತಾರೆ. ಈಗಾಗಲೇ ತೂತಾಗಿ ನೋಯುತ್ತಿದ್ದರೆ ಸೀಲಂಟ್ ಸಾಲದು. ಹುಳುಕು ತೆಗೆದು ತುಂಬಿಸಬೇಕು, ಆಳವಾಗಿದ್ದರೆ ಬೇರಿನ ಚಿಕಿತ್ಸೆಯೂ ಬೇಕಾಗಬಹುದು.